ಮೀನಿಗೆ ನೀರು ಹೊಸದು

ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಬಣ್ಣದ ಮೀನು ಗಾಜಿನ ತೊಟ್ಟಿಯಲ್ಲಿ ಮೊದಲ ದಿನ ಚುರುಕಾಗಿ ಓಡಾಡುತ್ತದೆ. ಎರಡನೆಯ ದಿನ ಮೂಲೆ ಹಿಡಿಯುತ್ತದೆ. ಮೂರನೆಯ ದಿನ ಬೆಳಿಗ್ಗೆ ಮಗ್ಗುಲಾಗಿ ತೇಲುತ್ತಿರುತ್ತದೆ. ಮಗು ಶಾಲೆಗೆ ಎದ್ದು ನೋಡುವುದರೊಳಗೆ ಅದನ್ನು ಎತ್ತಿ ಹಾಕಲು ತಾಯಿ ಅವಸರಪಡುತ್ತಾಳೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ತಂದೆ ಬೈಯುತ್ತಾನೆ. ನೀವು ಕಾಳು ಹೆಚ್ಚು ಹಾಕಿದ್ದೀರಿ ಎಂದು ಅಂಗಡಿಯವನು ತಿರುಗಿ ಹೇಳುತ್ತಾನೆ. ಮೀನು ಸಾಕುವ ಯಾವ ಊರಿನಲ್ಲಾದರೂ ನಡೆಯುವ ಜಗಳವಿದು.

ಆದರೆ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಈ ಜಗಳಕ್ಕೆ ಮೂರನೆಯ ಆರೋಪಿಯೊಬ್ಬನಿದ್ದಾನೆ. ಅವನು ಕಾಲ ಕೆಳಗೇ ಇದ್ದರೂ ಯಾರ ಬಾಯಲ್ಲೂ ಅವನ ಹೆಸರು ಬರುವುದಿಲ್ಲ. ಅದು ಶಹಾಬಾದಿ ಕಲ್ಲು.

ದೇಶದ ಎಷ್ಟೋ ಮನೆಗಳ ಅಂಗಳಕ್ಕೆ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಿದ ಈ ಕಲ್ಲು ಸುಣ್ಣಕಲ್ಲಿನ ಜಾತಿಗೆ ಸೇರಿದ್ದು. ಭೀಮಾ ಕಣಿವೆಯ ಈ ಪದರಗಳು ಇಲ್ಲಿ ಇರುವುದರಿಂದಲೇ ವಾಡಿ, ಶಹಾಬಾದ್, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆ ಎತ್ತಿದವು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಈ ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡು ಹೋಗುತ್ತದೆ. ಬಾವಿಯಲ್ಲೋ ಕೊಳವೆಬಾವಿಯಲ್ಲೋ ಮತ್ತೆ ಮೇಲೆ ಬರುವ ಹೊತ್ತಿಗೆ ಅದು ಗಡಸು ನೀರು. ಸೋಪು ನೊರೆ ಕಟ್ಟದು, ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳೆ ಕೂರುತ್ತದೆ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯಲ್ಲೇ ಬೇಳೆ ಬೇಗ ಬೇಯದ ನೀರಿರುವುದು ಒಂದು ತಮಾಷೆ ಎನ್ನಬೇಕು. ಹೆಂಗಸರಿಗೆ ಇದನ್ನು ರಸಾಯನಶಾಸ್ತ್ರಜ್ಞರು ಹೇಳಿಕೊಡಬೇಕಾಗಿಲ್ಲ. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಇಲ್ಲ ಎಂಬ ಲೆಕ್ಕ ಅವರ ಬಳಿ ಎಂದಿನಿಂದಲೂ ಇದೆ.

ಬೇಳೆಗೆ ತಿಳಿಯುವ ಈ ವ್ಯತ್ಯಾಸ ಮೀನಿಗೆ ತಿಳಿಯದೇ ಇರುತ್ತದೆಯೇ? ಮೀನು ನೀರನ್ನು ಕುಡಿಯುವುದಷ್ಟೇ ಅಲ್ಲ, ಅದರಲ್ಲೇ ಉಸಿರಾಡುತ್ತದೆ, ಅದರಲ್ಲೇ ವಿಸರ್ಜಿಸುತ್ತದೆ. ಕಿವಿರಿನ ತೆಳು ಪೊರೆಯೊಂದನ್ನು ಬಿಟ್ಟರೆ ಅದರ ರಕ್ತಕ್ಕೂ ಹೊರಗಿನ ನೀರಿಗೂ ನಡುವೆ ಗೋಡೆಯಿಲ್ಲ. ಮೀನನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಹಾಕುವುದೆಂದರೆ ಮನೆ ಬದಲಿಸಿದಂತಲ್ಲ, ಗಾಳಿಯನ್ನೇ ಬದಲಿಸಿದಂತೆ. ಇದನ್ನು ಮನುಷ್ಯ ಕಲಿತ ಬಗೆ ಒಂದು ದೀರ್ಘ ಚರಿತ್ರೆ. ಅದರ ಬಹುಪಾಲು ಪಾಠಗಳಿಗೆ ಬೆಲೆ ತೆತ್ತದ್ದು ಮೀನುಗಳೇ.

ಕಲ್ಯಾಣದ ಅರಸನ ಮೀನು

ಚರಿತ್ರೆಯನ್ನು ಹತ್ತಿರದಿಂದಲೇ ಆರಂಭಿಸಬಹುದು. ಚಿಂಚೋಳಿಯ ಬಡಗಲ ಮಗ್ಗುಲಿಗೆ ಬೀದರ್ ಜಿಲ್ಲೆ; ಅಲ್ಲಿನ ಬಸವಕಲ್ಯಾಣ ಕಲ್ಯಾಣಿ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1126ರ ಸುಮಾರಿಗೆ ಪಟ್ಟಕ್ಕೆ ಬಂದು 1138ರವರೆಗೆ ಆಳಿದ. ಯುದ್ಧಗಳಿಗಿಂತ ಪುಸ್ತಕದಿಂದ ಹೆಸರಾದ ಅರಸ ಇವನು. ಅವನ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ರಾಜ್ಯ ಗಳಿಸುವ, ಉಳಿಸಿಕೊಳ್ಳುವ ವಿದ್ಯೆಯಿಂದ ಅಡುಗೆ, ಸಂಗೀತ, ಆನೆ, ಕೋಳಿಜಗಳದವರೆಗೆ ಅದರಲ್ಲಿ ಇಲ್ಲದ ವಿಷಯ ಕಡಿಮೆ. ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಪ್ರಕರಣವೊಂದಿದೆ.

ಅದು ಮೀನು ಸಾಕುವ ಪುಸ್ತಕವಲ್ಲ, ಗಾಳ ಹಾಕಿ ಮೀನು ಹಿಡಿಯುವ ರಾಜವಿನೋದದ ವರ್ಣನೆ. ಆದರೆ ಗಾಳಕ್ಕೆ ಬರುವ ಮುಂಚೆ ಅದು ಮೀನನ್ನು ವಿಂಗಡಿಸುತ್ತದೆ. ಸಮುದ್ರದ್ದು ಯಾವುದು, ಹೊಳೆಯದು ಯಾವುದು. ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು. ಯಾವುದು ಎಲ್ಲಿ ಸಂಚರಿಸುತ್ತದೆ. ಆಮೇಲೆ ಯಾವ ಮೀನಿಗೆ ಯಾವ ಆಹಾರ ಪ್ರಿಯ ಎಂದು ಹೇಳಿ, ಹಿಟ್ಟಿನ ಉಂಡೆ, ಅನ್ನ, ಹಿಂಡಿ, ಮಾಂಸದಂಥವನ್ನು ಹಾಕಿ ಮೀನನ್ನು ರೂಢಿಗೆ ತರುವ ಬಗೆಯನ್ನು ವಿವರಿಸುತ್ತದೆ. ಮೂವತ್ತಕ್ಕೂ ಹೆಚ್ಚು ಜಾತಿಯ ಮೀನುಗಳು ಅಲ್ಲಿ ಬರುತ್ತವೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರ ಲಾಲ್ ಹೋರಾ 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಕರಣದ ಬಗೆಗೇ ದೀರ್ಘ ಲೇಖನ ಬರೆದರು. ಅರಸನ ಹೆಸರಿನಲ್ಲಿರುವ ಈ ತಿಳಿವಳಿಕೆ ಎಲ್ಲಿಂದ ಬಂದಿರಬೇಕು? ಹೊಳೆಯ ದಂಡೆಯಲ್ಲಿ ಬಾಳಿದ ಅಂಬಿಗರು, ಬೆಸ್ತರಿಂದಲ್ಲದೆ ಬೇರೆಡೆಯಿಂದ ಬಂದಿರಲಾರದು.

ಮತ್ಸ್ಯವಿನೋದದ ಮೀನು ತನ್ನ ನೀರಿನಲ್ಲೇ ಇತ್ತು. ಅದನ್ನು ತಿಳಿಯಲು ಅರಸ ಅದರ ಬಳಿಗೆ ಹೋಗಬೇಕಿತ್ತು. ಮೀನನ್ನೇ ಮನೆಯೊಳಗೆ ತರುವ ಹುಚ್ಚು ಹಿಡಿದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಯಿತು.

ಅಪ್ಪನ ಗಾಜು, ಮಗನ ಮಣ್ಣು

ಗಾಜಿನ ಪಾತ್ರೆಯಲ್ಲಿ ಮೀನಿಟ್ಟು ದಿನವೂ ನೀರು ಬದಲಿಸುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಚೀನಾದವರು ಹೊಂಬಣ್ಣದ ಮೀನನ್ನು ಅದಕ್ಕೂ ಶತಮಾನಗಳ ಮೊದಲೇ ಕೊಳಗಳಲ್ಲಿ, ಮಣ್ಣಿನ ಬಾನಿಗಳಲ್ಲಿ ಪಳಗಿಸಿದ್ದರು. ಆದರೆ ನೀರನ್ನು ಬದಲಿಸದೆಯೇ ಮೀನು ಬದುಕುವ ತೊಟ್ಟಿಯನ್ನು ಲೆಕ್ಕಾಚಾರದಿಂದ ಮಾಡಿ ತೋರಿಸಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ದೊಡ್ಡ ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನು, ನೀರಿನೊಳಗೆ ಬೆಳೆಯುವ ವ್ಯಾಲಿಸ್ನೇರಿಯ ಎಂಬ ಪಟ್ಟಿಯೆಲೆಯ ಗಿಡ ಇಟ್ಟ. ಗಿಡದ ಎಲೆ ಕೊಳೆತು ನೀರು ಕೆಟ್ಟಾಗ ಕೊಳೆತದ್ದನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ. ತೊಟ್ಟಿ ಸ್ಥಿಮಿತಕ್ಕೆ ಬಂತು. ಈ ಪ್ರಯೋಗವನ್ನು ಅವನು 1850ರಲ್ಲಿ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಮಾತು ಮನೆಮಾತಾಯಿತು. ನಮ್ಮ ಕಡೆ ಮದರಾಸಿನ ಮರೀನಾ ದಂಡೆಯಲ್ಲಿ 1909ರಲ್ಲಿ, ಮುಂಬಯಿಯಲ್ಲಿ 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಸಾರ್ವಜನಿಕ ಅಕ್ವೇರಿಯಂಗಳು ತೆರೆದವು.

ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಬಳಸುತ್ತದೆ, ಹುಳು ಕಸ ಗುಡಿಸುತ್ತದೆ. ವಾರಿಂಗ್ಟನ್ ಕಂಡ ಸಮತೋಲ ಇಷ್ಟೇ. ಆದರೆ ಅವನ ಕಣ್ಣಿಗೆ ಬೀಳದ ಕೆಲಸಗಾರರು ಅದೇ ಪಾತ್ರೆಯಲ್ಲಿದ್ದರು. ಸ್ವಾರಸ್ಯವೆಂದರೆ ಅವರ ಜಾಡು ಹಿಡಿದವರಲ್ಲಿ ಅವನ ಮಗನೇ ಒಬ್ಬ. ಮಗನ ಹೆಸರೂ ರಾಬರ್ಟ್ ವಾರಿಂಗ್ಟನ್. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಅವನ ಆಸಕ್ತಿ ಮೀನಿನ ಮೇಲಲ್ಲ, ಹೊಲದ ಮಣ್ಣಿನ ಮೇಲೆ. ಗೊಬ್ಬರದ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವುದು ಸೂಕ್ಷ್ಮಜೀವಿಗಳಿಂದ ಎಂದು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು 1877ರಲ್ಲಿ ತೋರಿಸಿದ್ದರು. ಈ ಕೆಲಸ ಎರಡು ಹಂತಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆ ಎಂದು ಮಗ ವಾರಿಂಗ್ಟನ್ ಕಂಡುಕೊಂಡ. 1890ರ ಸುಮಾರಿಗೆ ರಷ್ಯದ ಸೆರ್ಗೈ ವಿನೋಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿದ.

ಮೀನು ಕಿವಿರಿನಿಂದ ಹೊರಹಾಕುವುದೂ ಇದೇ ಅಮೋನಿಯಾವನ್ನೇ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯ ಜಲ್ಲಿಯಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಭಾನುವಾರ ತೊಟ್ಟಿ ತಂದು, ಅಂದೇ ನೀರು ತುಂಬಿ, ಅಂದೇ ಹತ್ತು ಮೀನು ಬಿಟ್ಟರೆ ಬುಧವಾರ ಬೆಳಿಗ್ಗೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿದೆ ಉತ್ತರ. ಅಂಗಡಿಯವನ ಮೀನು ರೋಗದ್ದಾಗಿರಲಿಲ್ಲ. ತೊಟ್ಟಿಯೇ ಇನ್ನೂ ತೊಟ್ಟಿಯಾಗಿರಲಿಲ್ಲ.

ಶಹಾಬಾದಿ ಕಲ್ಲಿನ ನೀರಿಗೆ ಇಲ್ಲಿ ಒಂದು ಒಳ್ಳೆಯ ಮಾತೂ ಸಲ್ಲಬೇಕು. ಈ ಬ್ಯಾಕ್ಟೀರಿಯಾಗಳಿಗೆ ತುಸು ಕ್ಷಾರದ ನೀರೇ ಹಿತ. ಹುಳಿ ನೀರಿನಲ್ಲಿ ಅವುಗಳ ಕೆಲಸ ಕುಂಟುತ್ತದೆ. ಕರಗಿದ ಸುಣ್ಣ ನೀರಿನ ಪಿಎಚ್ ಏಕಾಏಕಿ ಕುಸಿಯದಂತೆಯೂ ತಡೆಯುತ್ತದೆ. ಗಡಸು ನೀರು ಮೀನಿನ ಶತ್ರುವಲ್ಲ. ತೊಂದರೆ ಬರುವುದು ಬೇರೆ ನೀರಿನಿಂದ ಬಂದ ಮೀನನ್ನು ಅದರೊಳಗೆ ಬಿಡುವ ಆ ಕೆಲವು ನಿಮಿಷಗಳಲ್ಲಿ.

ರೈಲಿನಲ್ಲಿ ಬಂದ ನೀರು

1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ನಾಲವಾರದ ಮೇಲೆ ಹಾದುಹೋಗುವುದು ಅದೇ ಹಳಿ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂತು. ದೂರದ ಸರಕು ಈ ಸೀಮೆಗೆ ಒಂದೇ ರಾತ್ರಿಯಲ್ಲಿ ಬರಲು ಸಾಧ್ಯವಾದದ್ದು ಆಗಲೇ.

ರೈಲಿನಲ್ಲಿ ಮೀನುಮರಿ ಸಾಗಿಸುವ ಕಲೆಯನ್ನು ಅರೆದು ಕುಡಿದವರು ಬಂಗಾಳದವರು. ಕಾಟ್ಲಾ, ರೋಹು ಮರಿಗಳನ್ನು ಅವರು ಹಂಡಿಗಳಲ್ಲಿ ತುಂಬಿ ದೂರದ ರಾಜ್ಯಗಳಿಗೆ ಒಯ್ಯುತ್ತಿದ್ದರು. ಜೊತೆಗೆ ಹೋಗುವ ಆಳು ನಿದ್ದೆಗೆಟ್ಟು ಹಂಡಿಯ ನೀರನ್ನು ಕೈಯಿಂದ ಅಲುಗಿಸುತ್ತಲೇ ಇರಬೇಕು, ಗಾಳಿ ಬೆರೆಯಲೆಂದು. ನಡುನಡುವೆ ಒಂದಷ್ಟು ನೀರು ತೆಗೆದು ಹೊಸದು ಸೇರಿಸಬೇಕು, ಪೂರ್ತಿ ಬದಲಿಸುವಂತಿಲ್ಲ. ಹೊರಡುವ ಮುಂಚೆ ಮರಿಗಳನ್ನು ಉಪವಾಸ ಕೆಡವಬೇಕು. ಹೊಟ್ಟೆ ಖಾಲಿಯಿದ್ದ ಮರಿ ದಾರಿಯಲ್ಲಿ ನೀರು ಕೆಡಿಸುವುದಿಲ್ಲ ಎಂಬುದು ಅವರ ಅನುಭವ. ಅಮೋನಿಯಾ ಎಂಬ ಹೆಸರನ್ನೇ ಕೇಳದವರು ಅಮೋನಿಯಾವನ್ನು ಗೆದ್ದದ್ದು ಹೀಗೆ.

ಪ್ಲಾಸ್ಟಿಕ್ ಚೀಲವೂ ಆಮ್ಲಜನಕದ ಸಿಲಿಂಡರೂ ಬಂದಮೇಲೆ ಹಂಡಿ ಅಲುಗಿಸುವ ಆಳು ಬೇಡವಾದ. ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದದ್ದು ಆಮ್ಲಜನಕ, ಬಿಗಿಯಾಗಿ ರಬ್ಬರ್ ಬ್ಯಾಂಡು. ಚೆನ್ನೈನ ಕೊಳತ್ತೂರು, ಕೋಲ್ಕತ್ತ, ಮುಂಬಯಿಯ ಬಣ್ಣದ ಮೀನಿನ ಪೇಟೆಗಳಿಂದ ಮೀನು ದೇಶಕ್ಕೆಲ್ಲ ಹೋಗುವುದು ಹೀಗೆಯೇ. ಆದರೆ ಚೀಲದೊಳಗೆ ಒಂದು ರಾತ್ರಿ ಏನು ನಡೆಯುತ್ತದೆ ಎಂಬುದನ್ನು ಗಮನಿಸಿದರೆ ಸುಣ್ಣದ ನೀರಿನ ಊರವರು ಬೆಚ್ಚಬೇಕು.

ಮೀನು ಉಸಿರಾಡಿ ಬಿಟ್ಟ ಇಂಗಾಲಾಮ್ಲ ಹೊರಗೆ ಹೋಗಲಾರದೆ ನೀರಿನಲ್ಲೇ ಕರಗಿ ನೀರು ಹುಳಿಯಾಗುತ್ತ ಬರುತ್ತದೆ, ಎಂದರೆ ಪಿಎಚ್ ಇಳಿಯುತ್ತದೆ. ಅದೇ ನೀರಿನಲ್ಲಿ ಅಮೋನಿಯಾವೂ ಸೇರುತ್ತಿರುತ್ತದೆ. ಆದರೆ ಹುಳಿ ನೀರಿನಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ಎಂಬ ಅಷ್ಟು ಕೆಡುಕಲ್ಲದ ರೂಪದಲ್ಲಿರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇಕಡ 5, ಎಂಟೂವರೆಗೆ ಏರಿದರೆ ಶೇಕಡ 15ರ ಹತ್ತಿರ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇನ್ನೂ ಹೆಚ್ಚು.

ಈಗ ಚೀಲ ಮನೆಗೆ ಬಂತೆನ್ನಿ. ಬಾಯಿ ಬಿಚ್ಚಿದೊಡನೆ ಇಂಗಾಲಾಮ್ಲ ಹೊರಗೆ ಹಾರುತ್ತದೆ, ಪಿಎಚ್ ಏರತೊಡಗುತ್ತದೆ. ಮನೆಯವರು ಎಲ್ಲೋ ಓದಿದಂತೆ ಚೀಲಕ್ಕೆ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಒಂದು ಗಂಟೆ ಸೇರಿಸುತ್ತ ಕೂರುತ್ತಾರೆ. ತೊಟ್ಟಿಯ ನೀರೋ ಶಹಾಬಾದಿ ಕಲ್ಲು ಕರಗಿದ ಕ್ಷಾರದ ನೀರು. ರಾತ್ರಿಯಿಡೀ ನಿರುಪದ್ರವಿಯಾಗಿದ್ದ ಅಮೋನಿಯಂ ಆ ಒಂದು ಗಂಟೆಯಲ್ಲಿ, ಮೀನು ಇನ್ನೂ ಚೀಲದಲ್ಲಿರುವಾಗಲೇ, ಅಮೋನಿಯಾವಾಗಿ ತಿರುಗುತ್ತದೆ. ಮೀನಿಗೆ ನಿಧಾನವಾಗಿ ನೀರು ರೂಢಿಮಾಡಿಸಿದೆವು ಎಂದು ಮನೆಯವರು ತಿಳಿದಿರುತ್ತಾರೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದೇ ಮುಳುವಾಗುವ ಪ್ರಸಂಗವಿದು.

ಹಾಗಾದರೆ ಮಾಡಬೇಕಾದದ್ದೇನು? ಹತ್ತಿರದ ಅಂಗಡಿಯಿಂದ ಒಂದರ್ಧ ಗಂಟೆಯಲ್ಲಿ ತಂದ ಮೀನಿಗೆ ಹಳೆಯ ಪದ್ಧತಿಯೇ ಸಾಕು. ಚೀಲವನ್ನು ಬಿಚ್ಚದೆ ತೊಟ್ಟಿಯಲ್ಲಿ ಕಾಲು ಗಂಟೆ ತೇಲಬಿಟ್ಟರೆ ಬಿಸಿ ಸರಿಹೋಗುತ್ತದೆ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಲೋಟ ನೀರು. ದೂರದಿಂದ, ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮೀನಿನ ದಾರಿ ಬೇರೆ. ಅದಕ್ಕೆ ಬಕೆಟ್ಟಿನಲ್ಲೋ ಚಿಕ್ಕ ತೊಟ್ಟಿಯಲ್ಲೋ ಮೊದಲೇ ನೀರು ಸಿದ್ಧವಾಗಿರಬೇಕು. ಉಷ್ಣತೆ ಹೊಂದಿದ ಮೇಲೆ ಚೀಲ ಬಿಚ್ಚಿ, ತಡಮಾಡದೆ ಬಲೆಯಿಂದ ಮೀನೆತ್ತಿ ಆ ನೀರಿಗೆ ಬಿಡಬೇಕು. ಗಡಸು ನೀರಿಗೆ ಹೊಂದಿಸುವ ನಿಧಾನದ ಕೆಲಸ ಅಲ್ಲಿಂದ ಮುಂದಿನ ದಿನಗಳಲ್ಲಿ ನಡೆಯಬಹುದು. ಎರಡೂ ಸಂದರ್ಭಗಳಲ್ಲಿ ಚೀಲದ ನೀರು ತೊಟ್ಟಿಗೆ ಬೀಳಬಾರದು. ಅದರ ಜಾಗ ಚರಂಡಿಯೂ ಅಲ್ಲ, ಬಿಸಿಲಿಗೆ ಒಣಗುವ ನೆಲ.

ಸಿದ್ಧಪಡಿಸುವ ಆ ನೀರು ಯಾವುದು? ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರನ್ನೋ, ಈಗ ಹಳ್ಳಿಹಳ್ಳಿಗೂ ಬಂದಿರುವ ಶುದ್ಧ ನೀರಿನ ಘಟಕದ ನೀರನ್ನೋ ಬಾವಿಯ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಗಡಸುತನ ಇಳಿಯುತ್ತದೆ. ಘಟಕದ ನೀರೊಂದನ್ನೇ ಬಳಸುವುದು ತಪ್ಪು. ಅದರಲ್ಲಿ ಲವಣ ಬಹಳ ಕಡಿಮೆ, ಪಿಎಚ್ ನಿಲ್ಲುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟಿರಬೇಕು. ಅವಸರವಿದ್ದವರಿಗೆ ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ ಹರಳು ಇದೆ, ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯ ‘ಆಂಟಿ ಕ್ಲೋರಿನ್’ ಸೀಸೆಯಲ್ಲಿ ಸಾಮಾನ್ಯವಾಗಿ ಇರುವುದೂ ಅದೇ.

ಯಾವ ಮೀನು ಎಂಬುದರ ಮೇಲೂ ಬಹಳ ನಿಂತಿದೆ. 1936ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ನಿಯಾನ್ ಟೆಟ್ರಾ, ತಟ್ಟೆಯಂಥ ಮೈಯ ಡಿಸ್ಕಸ್ ಇವು ಅಮೆಜಾನಿನ ಮೆತು, ಹುಳಿ ನೀರಿನವು. ಅವುಗಳನ್ನು ಶಹಾಬಾದಿನ ಬಾವಿ ನೀರಿಗೆ ಹಾಕುವುದು ಮಲೆನಾಡಿನ ಅಡಕೆ ಸಸಿಯನ್ನು ಕಲಬುರಗಿಯ ಮೇ ತಿಂಗಳಲ್ಲಿ ನೆಟ್ಟಂತೆ. ಗಪ್ಪಿ, ಮಾಲಿಗಳಿಗೆ ಗಡಸು ನೀರೇ ಇಷ್ಟ. ಆಫ್ರಿಕದ ಮಲಾವಿ, ಟಾಂಗನಿಕ ಸರೋವರಗಳ ಸಿಕ್ಲಿಡ್ ಮೀನುಗಳಿಗಂತೂ ಬೇರೆ ಊರಿನವರು ತೊಟ್ಟಿಯಲ್ಲಿ ಸುಣ್ಣಕಲ್ಲು ಹಾಕಿ ನೀರನ್ನು ಗಡಸು ಮಾಡುತ್ತಾರೆ. ಇಲ್ಲಿ ಆ ಖರ್ಚಿಲ್ಲ. ಚಿಂಚೋಳಿಯ ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳ ಕಡೆ ನೀರಿನ ಗುಣ ಮತ್ತೆ ಬೇರೆ. ಒಂದೇ ಜಿಲ್ಲೆಯ ಎರಡು ಮನೆಗಳ ನಡುವೆ ಮೀನು ಹಂಚಿಕೊಳ್ಳುವವರೂ ನೀರನ್ನು ಕೇಳಿಕೊಳ್ಳುವುದು ಲೇಸು.

ಬಾವಿಗೆ ಬಂದ ಅತಿಥಿ

ಗಾಜಿನ ತೊಟ್ಟಿಗಿಂತ ಮೊದಲು ಪರದೇಶದ ಮೀನು ನಮ್ಮ ಮನೆಗಳ ಹತ್ತಿರ ಬಂದದ್ದು ಚೆಂದಕ್ಕಲ್ಲ, ಮದ್ದಾಗಿ. ವಾಡಿಯ ಹಳಿ ಮುಟ್ಟುವ ಸಿಕಂದರಾಬಾದಿನಲ್ಲೇ 1897ರ ಆಗಸ್ಟಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ. ಸೊಳ್ಳೆಯ ಮರಿಯನ್ನು ತಿನ್ನುವ ಮೀನಿಗೆ ಆಮೇಲೆ ಹುಡುಕಾಟ ಆರಂಭವಾಯಿತು. ಟ್ರಿನಿಡಾಡಿನ ಲೆಚ್‌ಮಿಯರ್ ಗಪ್ಪಿ ಎಂಬಾತನ ಹೆಸರು ಹೊತ್ತ ಗಪ್ಪಿ ಇಪ್ಪತ್ತನೇ ಶತಮಾನದ ಮೊದಲ ದಶಕದ ಹೊತ್ತಿಗೆ ಭಾರತಕ್ಕೆ ಬಂತು. ಅಮೆರಿಕ ಮೂಲದ ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂತು. ಕರ್ನಾಟಕದ ಬಾವಿ, ಕಲ್ಯಾಣಿ, ಕಾರಂಜಿಗಳಿಗೆ ಇವೆರಡನ್ನೂ ಬಿಡುತ್ತ ಬಂದಿದ್ದಾರೆ.

ಕಲಬುರಗಿ ಜಿಲ್ಲೆಗೆ ಇದರಲ್ಲಿ ಇನ್ನೊಂದು ಎಳೆ ಇದೆ. ಮೆಟ್ಟಿಲು ಬಾವಿಯ ನೀರು ಕುಡಿದವರನ್ನು ಕಾಡುತ್ತಿದ್ದ ನಾರುಹುಣ್ಣು ಇಲ್ಲಿನ ಹಿರಿಯರಿಗೆ ಇನ್ನೂ ನೆನಪಿರುತ್ತದೆ. ಕಾಲಿನಿಂದ ದಾರದಂಥ ಹುಳು ಹೊರಬರುವ ಆ ರೋಗವನ್ನು ಹರಡುವುದು ಸೈಕ್ಲೋಪ್ಸ್ ಎಂಬ ನೀರಿನ ಸಣ್ಣ ಜೀವಿ. ಅದನ್ನು ತಿನ್ನುವ ಮೀನು ಬಿಡುವುದೂ ಒಂದು ಉಪಾಯವೆಂದು ವೈದ್ಯಕೀಯ ಪುಸ್ತಕಗಳು ಹೇಳುತ್ತಿದ್ದವು. ಕೊನೆಗೆ ರೋಗವನ್ನು ಓಡಿಸಿದ್ದು ಮೀನಿಗಿಂತ ಹೆಚ್ಚಾಗಿ ಶೋಧಿಸಿದ ನೀರು, ಕೊಳವೆಬಾವಿ, ಮೆಟ್ಟಿಲು ಮುಚ್ಚಿದ ಬಾವಿಗಳು. ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು.

ಗ್ಯಾಂಬೂಸಿಯಾ ಮಾತ್ರ ಉಳಿಯಿತು. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಈ ಮೀನು ಸೊಳ್ಳೆಮರಿಯ ಜೊತೆಗೆ ಸ್ಥಳೀಯ ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. 1952ರಲ್ಲಿ ಆಹಾರಕ್ಕೆಂದು ತಂದ ತಿಲಾಪಿಯಾ ಕೂಡ ಅದೇ ಪಟ್ಟಿಯಲ್ಲಿದೆ. ಸೊಳ್ಳೆಮರಿ ತಿನ್ನುವ ಕೆಲಸವನ್ನು ನಮ್ಮ ಕೆರೆಗಳದೇ ಸಣ್ಣ ಮೀನುಗಳೂ ಮಾಡುತ್ತಿದ್ದವೆಂಬುದು ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಮದ್ದು ತಂದವರನ್ನು ಈಗ ದೂರುವುದು ಸುಲಭ. ಮಲೇರಿಯಾದಿಂದ ಊರುಗಳೇ ಬರಿದಾಗುತ್ತಿದ್ದ ಕಾಲ ಅದು.

ಮನೆಯ ತೊಟ್ಟಿಯಿಂದ ಹೊರಬೀಳುವ ಮೀನಿಗೆ ಆ ಸಮರ್ಥನೆಯೂ ಇಲ್ಲ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತದೆಂದು ಜನ ಕೊಳ್ಳುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಅಂಗಡಿಯಲ್ಲಿ ಬೆರಳಿನಷ್ಟಿರುತ್ತದೆ, ಬೆಳೆದರೆ ಮೊಳದುದ್ದ. ತೊಟ್ಟಿಗೆ ಹಿಡಿಸದಾದಾಗ ಕೊಲ್ಲಲು ಮನಸ್ಸಾಗದೆ ಕೆರೆಗೆ ಬಿಡುತ್ತಾರೆ. ಪುಣ್ಯದ ಕೆಲಸ ಎಂದೂ ತಿಳಿಯುತ್ತಾರೆ. ಕೋಲ್ಕತ್ತದ ಜೌಗುಗಳಲ್ಲಿ, ಕೇರಳ, ಆಂಧ್ರದ ನೀರುಗಳಲ್ಲಿ ಅದು ಈಗ ಬಲೆ ಹರಿಯುವ ಪಿಡುಗು.

ಮೀನಿನ ಜೊತೆ ಬರುವವರು

ನೀರಿಗಿಂತ ಗುಟ್ಟಾಗಿ ಬರುವುದು ರೋಗ. 1988ರಲ್ಲಿ ಈಶಾನ್ಯ ರಾಜ್ಯಗಳ ಕಡೆಯಿಂದ ಮೀನಿನ ಹುಣ್ಣಿನ ರೋಗವೊಂದು ದೇಶದೊಳಗೆ ಬಂತು. ತೊಂಬತ್ತರ ದಶಕದ ಆರಂಭಕ್ಕೆ ಕೇರಳ, ಕರ್ನಾಟಕದ ಕೆರೆಗಳಲ್ಲೂ ಕಾಣಿಸಿತು. ಮೈಮೇಲೆ ಕೆಂಪು ಚುಕ್ಕೆ ಎದ್ದು, ಅದು ಆಳವಾದ ಹುಣ್ಣಾಗಿ ಕೊರವ ಮೀನಿನಂಥವು ಸಾಲುಸಾಲಾಗಿ ಸತ್ತವು. ಮನುಷ್ಯರಿಗೆ ತಗಲುವ ರೋಗ ಅಲ್ಲದಿದ್ದರೂ ಜನ ಮೀನು ಕೊಳ್ಳಲು ಹೆದರಿದರು, ಬೆಸ್ತರ ಒಲೆ ಆರಿತು. ಕಾರಣ ಅಫನೋಮೈಸಿಸ್ ಎಂಬ ಬೂಸ್ಟಿನಂಥ ಜೀವಿ. ಜಪಾನಿನಲ್ಲಿ 1971ರಲ್ಲಿ ಈ ರೋಗ ಮೊದಲು ಕಂಡಾಗ ಪೀಡಿತ ಮೀನುಗಳಲ್ಲಿ ಹೊಂಬಣ್ಣದ ಮೀನೂ ಇತ್ತು. ಕೆರೆಗಳಿಗೆ ಆಗ ಸೂಚಿಸಿದ ಮದ್ದುಗಳಲ್ಲಿ ಮುಖ್ಯವಾದದ್ದು ಸುಣ್ಣ.

ಮನೆಯ ತೊಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಬಿಳಿಚುಕ್ಕೆ ರೋಗ. ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಕಾಣುವ ಇದರ ಜೀವಿಯನ್ನು ಫ್ರಾನ್ಸಿನ ಫುಕೆ 1876ರಲ್ಲಿ ವರ್ಣಿಸಿದ. ಅದು ಮೀನಿನ ಚರ್ಮದಡಿ ಬಲಿತು, ಕೆಳಗೆ ಬಿದ್ದು, ಕೋಶ ಕಟ್ಟಿ, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಬೆಚ್ಚನೆಯ ನೀರಿನಲ್ಲಿ ಈ ಸುತ್ತು ಒಂದು ವಾರದೊಳಗೇ ಮುಗಿಯುತ್ತದೆ. ಆದ್ದರಿಂದಲೇ ಹೊಸ ಮೀನನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಬೇಕೆಂಬುದು ಬಲ್ಲವರ ನಿಯಮ. ಅಂಗಡಿಯಲ್ಲಿ ಕಾಣದ ಚುಕ್ಕೆ ಅಷ್ಟರೊಳಗೆ ಕಂಡೇ ಕಾಣುತ್ತದೆ.

ಇದಕ್ಕೆ ಇಂಗ್ಲಿಷಿನಲ್ಲಿ ಕ್ವಾರಂಟೈನ್ ಎನ್ನುತ್ತಾರೆ ಎಂದು ವಿವರಿಸುವ ಅಗತ್ಯ ಈ ಜಿಲ್ಲೆಯಲ್ಲಿ ಈಗ ಉಳಿದಿಲ್ಲ. ಭಾರತದ ಮೊದಲ ಕೋವಿಡ್ ಸಾವು ವರದಿಯಾದದ್ದು 2020ರ ಮಾರ್ಚಿನಲ್ಲಿ ಕಲಬುರಗಿಯಿಂದ. ಇಟಾಲಿಯನ್ ಭಾಷೆಯಲ್ಲಿ ನಲವತ್ತು ದಿನ ಎಂಬ ಅರ್ಥದ ಆ ಪದ ಮರುವಾರವೇ ಓಣಿಓಣಿಯ ಮಾತಾಗಿತ್ತು. ಹಡಗಿನವರನ್ನು ದಡಕ್ಕೆ ಬಿಡದೆ ಕಾಯಿಸಿದ ಯುರೋಪಿನ ಬಂದರುಗಳಿಗೆ ಹೊಳೆದ ಯುಕ್ತಿಯೇ ಮೀನಿಗೂ ಅನ್ವಯ. ಅದಕ್ಕೆ ದುಬಾರಿ ಸಾಮ್ರಗಿ ಏನೂ ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಟಬ್ಬು, ಹಳೆಯ ತೊಟ್ಟಿಯ ಫಿಲ್ಟರಿನಲ್ಲಿ ಒಂದು ತಿಂಗಳು ಮೊದಲೇ ಇಟ್ಟಿದ್ದ ಸ್ಪಂಜು, ಗಾಳಿಗುಳ್ಳೆ ಬಿಡುವ ಪಂಪು, ಪ್ರತ್ಯೇಕ ಬಲೆ. ಬಲೆ ಒಂದೇ ಆದರೆ ಟಬ್ಬು ಬೇರೆಯಾಗಿಯೂ ಫಲವಿಲ್ಲ.

ಬೇಸಿಗೆಯಲ್ಲಿ ಹೊಸ ಮೀನು ತರದಿರುವುದೇ ಜಾಣತನ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 35 ಡಿಗ್ರಿಯಲ್ಲಿ 7ಕ್ಕೂ ತುಸು ಕಡಿಮೆ. ಹೊರಗೆ ಪಾದರಸ 42 ಮುಟ್ಟಿ, ವಿದ್ಯುತ್ ಕೈಕೊಟ್ಟು, ಪಂಪು ನಿಂತ ಮಧ್ಯಾಹ್ನ ಹೊಸ ಮೀನಿಗೆ ಮಾತ್ರವಲ್ಲ, ಹಳೆಯದಕ್ಕೂ ಗಂಡಾಂತರವೇ. ಮಳೆ ಬಿದ್ದು ನೆಲ ತಣಿದಮೇಲೆ, ಜುಲೈಯಿಂದ ಫೆಬ್ರವರಿಯೊಳಗೆ ತರುವುದು ವಾಸಿ.

ಪ್ರತ್ಯೇಕವಾಸ ಮುಗಿದ ಮೀನನ್ನು ದೊಡ್ಡ ತೊಟ್ಟಿಗೆ ಬಿಡುವುದು ಸಂಜೆಗೆ. ಅದಕ್ಕೆ ಮುಂಚೆ ಹಳೆಯ ಮೀನುಗಳಿಗೆ ಹೊಟ್ಟೆತುಂಬ ಹಾಕಬೇಕು. ತುಂಬಿದ ಹೊಟ್ಟೆಯ ಮೀನು ಜಗಳಕ್ಕೆ ಬರುವುದು ಕಡಿಮೆ. ಒಂದೆರಡು ಕಲ್ಲುಗಳನ್ನು ಅತ್ತಿತ್ತ ಸರಿಸಿದರೆ ತನ್ನ ಮೂಲೆ ಯಾವುದೆಂದು ಹಳಬರಿಗೂ ಗೊಂದಲವಾಗಿ ಹೊಸಬನ ಮೇಲಿನ ಹಟ ಇಳಿಯುತ್ತದೆ. ದೀಪ ಆರಿಸಿ, ಬಲೆಯನ್ನು ನೀರಿನೊಳಗೇ ಮಗುಚಿ, ಮೀನು ತಾನಾಗಿ ಹೊರಬರುವವರೆಗೆ ಬಿಡಬೇಕು. ಆ ರಾತ್ರಿ ಅದಕ್ಕೆ ಕಾಳು ಬೇಡ. ಮರುದಿನ ಬೆಳಿಗ್ಗೆ ಗಿಡದ ಮರೆಯಿಂದ ಮೂತಿ ಹೊರಹಾಕಿದಾಗ ಒಂದು ಚಿಟಿಕೆ.